ಜಾವಾದ ಭತ್ತದ ಹಳ್ಳಿಯಲ್ಲಿ ಇರಲು ಹೊರಟವರಿಗೆ: ದಾರಿ, ಮನೆ, ನೆರೆಹೊರೆ ಮತ್ತು ಜಮೀನು

ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿ, ಯೋಗ್ಯಕರ್ತ ಮತ್ತು ಸೋಲೊ ನಗರಗಳ ನಡುವೆ, ಮೆರಾಪಿ ಅಗ್ನಿಪರ್ವತದ ತಪ್ಪಲಿನಿಂದ ಇಳಿದು ಬರುವ ನೀರು ಕುಡಿದು ಬೆಳೆಯುವ ದೊಡ್ಡದೊಂದು ಭತ್ತದ ಸೀಮೆಯಿದೆ. ಕ್ಲಾತೆನ್ ಜಿಲ್ಲೆಯ ದೆಲಾಂಗು ಈ ಸೀಮೆಯ ನಡುಭಾಗ. ಅಲ್ಲಿನ ರೊಜೊಲೆಲೆ ಅಕ್ಕಿ ದ್ವೀಪದ ಉದ್ದಗಲಕ್ಕೂ ಹೆಸರಾದದ್ದು. ಗಮೆಲಾನ್ ವಾದ್ಯವನ್ನೋ ಬೊಂಬೆಯಾಟವನ್ನೋ ಕಲಿಯಲು ಬರುವವರು, ಜಕಾರ್ತ ಅಥವಾ ಸಿಂಗಪುರದಲ್ಲಿ ಉದ್ಯೋಗದಲ್ಲಿದ್ದು ಕೆಲಕಾಲ ಹಳ್ಳಿಯಲ್ಲಿರಬೇಕೆನ್ನುವವರು, ಜಾವಾದ ಮನೆತನದೊಡನೆ ಮದುವೆಯ ಸಂಬಂಧ ಬೆಳೆಸಿದವರು, ಹೀಗೆ ಬೇರೆ ಬೇರೆ ಕಾರಣಗಳಿಂದ ಕನ್ನಡಿಗರಿಗೆ ಇಂಥ ಹಳ್ಳಿಗಳ ಪರಿಚಯವಾಗುತ್ತದೆ. ಈ ಲೇಖನ ಅವರಿಗಾಗಿ. ಇಡೀ ವಿಷಯದಲ್ಲಿ ನೆನಪಿಡಬೇಕಾದ ಕ್ರಮ ಒಂದೇ: ಮೊದಲು ಜನ, ಆಮೇಲೆ ಬಾಡಿಗೆ ಮನೆ, ಜಮೀನಿನ ಮಾತು ಕಟ್ಟಕಡೆಗೆ. ಈ ಕ್ರಮವನ್ನು ತಿರುವುಮುರುವು ಮಾಡಿದವರು ದುಡ್ಡನ್ನೂ ಕಳೆದುಕೊಳ್ಳುತ್ತಾರೆ, ಊರಿನ ವಿಶ್ವಾಸವನ್ನೂ ಕಳೆದುಕೊಳ್ಳುತ್ತಾರೆ.

ಹೊರಡುವ ಮೊದಲು

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಇಂಡೊನೇಷ್ಯಾದಲ್ಲಿ ಇಳಿದ ಮೇಲೆ ಪಡೆಯುವ ವೀಸಾ ಸೌಲಭ್ಯವಿದೆ. ಅದಕ್ಕೆ ಅಲ್ಲಿಯ ಹಣದಲ್ಲಿ 5 ಲಕ್ಷ ರೂಪಿಯಾ ಶುಲ್ಕ, 30 ದಿನಗಳ ಅವಧಿ. ವಲಸೆ ಕಚೇರಿಯಲ್ಲಿ ಇನ್ನೊಂದು 30 ದಿನಕ್ಕೆ ಒಮ್ಮೆ ಮಾತ್ರ ವಿಸ್ತರಿಸಿಕೊಳ್ಳಬಹುದು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು ಮತ್ತು ಹಿಂದಿರುಗುವ ಟಿಕೆಟ್ ಕೈಯಲ್ಲಿರಬೇಕು. ಈ ವೀಸಾ ನೋಡಿಕೊಂಡು ಬರುವುದಕ್ಕೆ ಮಾತ್ರ ಎಂಬುದನ್ನು ಮರೆಯಬಾರದು. ಗದ್ದೆಯಲ್ಲಿ ಕೂಲಿಗೆ ದುಡಿಯುವುದಿರಲಿ, ಊಟ ವಸತಿಯ ಬದಲಿಗೆ ದುಡಿಯುವುದೂ ಅಧಿಕಾರಿಗಳ ಕಣ್ಣಿಗೆ ಉದ್ಯೋಗವಾಗಿಯೇ ಕಾಣಬಹುದು. ಎರಡು ತಿಂಗಳಿಗಿಂತ ಹೆಚ್ಚು ಇರಬೇಕಾದವರು ಓದು, ಉದ್ಯೋಗ ಅಥವಾ ಕುಟುಂಬದ ಆಧಾರದ ಮೇಲೆ ದೊರೆಯುವ ಸೀಮಿತ ವಾಸದ ಪರವಾನಗಿಯನ್ನು, ಅಂದರೆ ಅಲ್ಲಿಯವರು ಕಿತಾಸ್ ಎಂದು ಕರೆಯುವ ಕಾಗದವನ್ನು, ಮೊದಲೇ ಯೋಚಿಸಿಕೊಳ್ಳಬೇಕು.

ಕಾಲದ ಆಯ್ಕೆಯೂ ಮುಖ್ಯ. ಮಳೆಗಾಲ ಸುಮಾರಾಗಿ ಅಕ್ಟೋಬರ್ ಅಥವಾ ನವೆಂಬರಿನಿಂದ ಏಪ್ರಿಲ್‌ವರೆಗೆ ಇರುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹವೆ ಒಣಗಿರುತ್ತದೆ, ಹಳ್ಳಿಯ ರಸ್ತೆಗಳು ಓಡಾಟಕ್ಕೆ ಸಲೀಸಾಗಿರುತ್ತವೆ. ರಂಜಾನ್ ಮುಗಿದು ಬರುವ ಲೆಬಾರಾನ್ ಹಬ್ಬದ ಹಿಂದುಮುಂದಿನ ವಾರಗಳಲ್ಲಿ ಮಾತ್ರ ಪ್ರಯಾಣ ಬೇಡ. ನಗರ ಸೇರಿರುವ ಜನರೆಲ್ಲ ಆ ದಿನಗಳಲ್ಲಿ ಹುಟ್ಟೂರಿಗೆ ಮರಳುವುದರಿಂದ ರೈಲಿನ ಟಿಕೆಟುಗಳು ಮಾರಾಟ ತೆರೆದ ಸ್ವಲ್ಪ ಹೊತ್ತಿಗೇ ಖಾಲಿಯಾಗುತ್ತವೆ, ಹೆದ್ದಾರಿಗಳಲ್ಲಿ ವಾಹನಗಳು ಗಂಟೆಗಟ್ಟಲೆ ನಿಲ್ಲುತ್ತವೆ. ಹಬ್ಬವನ್ನೇ ಹಳ್ಳಿಯಲ್ಲಿ ನೋಡಬೇಕೆಂದಿದ್ದರೆ ಎರಡು ವಾರ ಮೊದಲೇ ಹೋಗಿ ಸೇರಿಕೊಂಡುಬಿಡಿ.

ಹಳ್ಳಿಯವರೆಗಿನ ದಾರಿ

ಯೋಗ್ಯಕರ್ತದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ನಗರದಲ್ಲಿಲ್ಲ. ಪಶ್ಚಿಮಕ್ಕೆ ಕುಲೊನ್ ಪ್ರೊಗೊ ಜಿಲ್ಲೆಯ ಸಮುದ್ರದಂಚಿನಲ್ಲಿದೆ. ಅಲ್ಲಿಂದ ನಗರದ ತುಗು ನಿಲ್ದಾಣಕ್ಕೆ 2021ರಿಂದ ರೈಲು ಓಡುತ್ತಿದ್ದು ಸುಮಾರು 40 ನಿಮಿಷಗಳಲ್ಲಿ ತಲುಪಿಸುತ್ತದೆ. ಬೆಂಗಳೂರಿನಿಂದ ಹೊರಡುವವರು ಕೌಲಾಲಂಪುರ ಅಥವಾ ಸಿಂಗಪುರದ ಮೂಲಕ ಬರಬಹುದು, ಇಲ್ಲವೇ ಜಕಾರ್ತದಲ್ಲಿ ಇಳಿದು ಆರರಿಂದ ಎಂಟು ಗಂಟೆಗಳ ರೈಲು ಪ್ರಯಾಣ ಮಾಡಬಹುದು. ಸಮಯವಿದ್ದವರಿಗೆ ನಾನು ಹೇಳುವುದು ಎರಡನೆಯದನ್ನೇ, ಅದೂ ಹಗಲಿನ ಗಾಡಿಯನ್ನು. ಚಿರೆಬಾನ್ ದಾಟಿದ ಮೇಲೆ ಒಂದು ಗದ್ದೆಯಲ್ಲಿ ನಾಟಿ, ಪಕ್ಕದ್ದರಲ್ಲಿ ಕೊಯ್ಲು, ಅದರಾಚೆ ನೀರು ನಿಲ್ಲಿಸಿದ ಬರಿ ಕೆಸರು, ಹೀಗೆ ಬೇಸಾಯದ ಎಲ್ಲ ಹಂತಗಳೂ ಕಿಟಕಿಯಿಂದ ಕಾಣುತ್ತವೆ. ಮುಂದೆ ಹಳ್ಳಿಯಲ್ಲಿ ನೋಡಲಿರುವುದಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗಲಾರದು.

ಯೋಗ್ಯಕರ್ತದಿಂದ ಸೋಲೊಗೆ ವಿದ್ಯುತ್ ಲೋಕಲ್ ರೈಲು ದಿನವಿಡೀ ಓಡುತ್ತದೆ; ಟಿಕೆಟ್ ದರ 8 ಸಾವಿರ ರೂಪಿಯಾ. ಕ್ಲಾತೆನ್ ಮತ್ತು ದೆಲಾಂಗು ಎರಡೂ ಈ ಮಾರ್ಗದ ನಿಲ್ದಾಣಗಳು. ನಿಜವಾದ ತೊಂದರೆ ನಿಲ್ದಾಣದಿಂದ ಹಳ್ಳಿಯವರೆಗಿನ ಕೊನೆಯ ಹತ್ತು ಕಿಲೋಮೀಟರಿನದು. ಹಿಂದೆ ಇದ್ದ ಸಣ್ಣ ಬಸ್ಸುಗಳು ಪ್ರತಿ ಮನೆಗೂ ಮೋಟಾರ್‌ಸೈಕಲ್ ಬಂದ ಮೇಲೆ ಬಹುಪಾಲು ನಿಂತುಹೋಗಿವೆ. ಗೊಜೆಕ್ ಮತ್ತು ಗ್ರ್ಯಾಬ್ ಆ್ಯಪ್‌ಗಳಿಂದ ಹಗಲಿನಲ್ಲಿ ಹಳ್ಳಿಗೆ ಹೋಗಲು ವಾಹನ ಸಿಗುತ್ತದೆ, ಹಳ್ಳಿಯಿಂದ ಮರಳಿ ಬರಲು ಸಿಗುವುದು ಕಷ್ಟ. ಕತ್ತಲಾದ ಮೇಲಂತೂ ನಂಬಿಕೊಳ್ಳಬಾರದು. ಆದ್ದರಿಂದ ಬೆಳಿಗ್ಗೆಯೇ ಊರು ಮುಟ್ಟುವಂತೆ ಹೊರಡಿ, ಊರಿನವರೇ ಒಬ್ಬರನ್ನು ನಿಲ್ದಾಣಕ್ಕೆ ಬರಲು ಕೇಳಿಕೊಳ್ಳಿ, ಪೆಟ್ರೋಲಿನ ಖರ್ಚನ್ನು ತಪ್ಪದೆ ಕೊಡಿ.

ನೀವೇ ಮೋಟಾರ್‌ಸೈಕಲ್ ಬಾಡಿಗೆಗೆ ಪಡೆಯುವುದಾದರೆ, ಅಂತರರಾಷ್ಟ್ರೀಯ ಚಾಲನಾ ಪರವಾನಗಿಯಲ್ಲಿ ದ್ವಿಚಕ್ರದ ವರ್ಗ ನಮೂದಾಗಿದೆಯೇ ಎಂದು ಭಾರತದಲ್ಲೇ ನೋಡಿಕೊಳ್ಳಿ. ಅದಿಲ್ಲದಿದ್ದರೆ ಅಪಘಾತವಾದಾಗ ಪ್ರವಾಸ ವಿಮೆ ಕೈಕೊಡುತ್ತದೆ. ವಾಹನಗಳು ನಮ್ಮಲ್ಲಿಯಂತೆಯೇ ಎಡಗಡೆ ಚಲಿಸುತ್ತವೆ. ಮೆರಾಪಿಯ ಹೊಳೆಗಳಿಂದ ಮರಳು ಹೊತ್ತು ಇಳಿಯುವ ಲಾರಿಗಳಿಗೆ ದಾರಿ ಬಿಡಿ, ಮನೆಗಳ ನಡುವಿನ ಓಣಿಗೆ ಬಂದೊಡನೆ ವೇಗ ತಗ್ಗಿಸಿ. ಹಾರ್ನ್ ಹೊಡೆಯುವ ನಮ್ಮ ಅಭ್ಯಾಸವನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟು ಬರುವುದು ಲೇಸು.

ಮೊದಲ ಭೇಟಿ ಪಾಕ್ ಎರ್ತೆಯವರಲ್ಲಿ

ಜಾವಾದ ಆಡಳಿತದಲ್ಲಿ ಜಿಲ್ಲೆಯ ಕೆಳಗೆ ತಾಲ್ಲೂಕಿನಂಥ ಕೆಚಮಾತಾನ್, ಅದರ ಕೆಳಗೆ ಗ್ರಾಮವಾದ ದೆಸಾ, ದೆಸಾದೊಳಗೆ ಹಲವು ದುಸುನ್‌ಗಳು, ಅಂದರೆ ಕೇರಿಗಳು ಇರುತ್ತವೆ. ಅದಕ್ಕೂ ಕೆಳಗೆ, ಕೆಲವು ಹತ್ತು ಮನೆಗಳನ್ನು ಸೇರಿಸಿದ ನೆರೆಹೊರೆ ಘಟಕಕ್ಕೆ ಎರ್ತೆ ಎಂದೂ, ಅಂಥ ಕೆಲವು ಘಟಕಗಳ ಒಕ್ಕೂಟಕ್ಕೆ ಎರ್ವೆ ಎಂದೂ ಹೆಸರು. ಎರ್ತೆಯ ಮುಖ್ಯಸ್ಥರನ್ನು ಎಲ್ಲರೂ ಪಾಕ್ ಎರ್ತೆ ಎಂದು ಕರೆಯುತ್ತಾರೆ. ಅವರು ಸರ್ಕಾರಿ ನೌಕರರಲ್ಲ; ರೈತರೋ ಬಡಗಿಯೋ ನಿವೃತ್ತ ಮಾಸ್ತರೋ ಆಗಿದ್ದು ನೆರೆಯವರಿಂದ ಆಯ್ಕೆಯಾದವರು. ಹಾಗಿದ್ದರೂ ನಿಮ್ಮ ಪಾಲಿಗೆ ಊರಿನ ಬಾಗಿಲು ಅವರ ಮನೆಯ ಜಗಲಿಯೇ.

ಕೇರಿಯ ಹೆಬ್ಬಾಗಿಲಿನಲ್ಲಿ ‘ಅತಿಥಿಗಳು 24 ಗಂಟೆಯೊಳಗೆ ವರದಿ ಮಾಡಿಕೊಳ್ಳಬೇಕು’ ಎಂಬ ಫಲಕ ಸಾಮಾನ್ಯವಾಗಿ ಇರುತ್ತದೆ. ಅದು ಅಲಂಕಾರಕ್ಕೆ ಹಾಕಿದ್ದಲ್ಲ. ರಾತ್ರಿ ಉಳಿಯುವವರು ಯಾರೇ ಆಗಲಿ, ಆತಿಥ್ಯ ನೀಡುವ ಮನೆಯವರೊಡನೆ ಪಾಕ್ ಎರ್ತೆಯವರ ಮನೆಗೆ ಹೋಗಿ ಪಾಸ್‌ಪೋರ್ಟಿನ ಪ್ರತಿಯೊಂದನ್ನು ಕೊಟ್ಟು, ಎಷ್ಟು ದಿನ ಇರುವಿರಿ, ಏತಕ್ಕೆ ಬಂದಿರಿ ಎಂಬುದನ್ನು ತಿಳಿಸಬೇಕು. ವಿದೇಶಿಯರ ವಾಸದ ವಿವರವನ್ನು ಅಲ್ಲಿಂದ ಮುಂದೆ ಪೊಲೀಸರಿಗೂ ವಲಸೆ ಇಲಾಖೆಗೂ ಮುಟ್ಟಿಸುವ ಕ್ರಮವಿದೆ. ದೀರ್ಘಾವಧಿಯ ಪರವಾನಗಿ ಇರುವವರು ಜಿಲ್ಲೆಯ ಜನಸಂಖ್ಯಾ ಕಚೇರಿಯಲ್ಲೂ ನೋಂದಣಿ ಮಾಡಿಸಬೇಕಾಗುತ್ತದೆ.

ಈ ಭೇಟಿಗೆ ಸರಿಯಾದ ಹೊತ್ತು ಸಂಜೆಯ ಮಘ್ರಿಬ್ ಪ್ರಾರ್ಥನೆ ಮುಗಿದ ಮೇಲೆ. ಹೊಸ್ತಿಲ ಹೊರಗೇ ನಿಂತು ‘ಕುಲೊ ನುವುನ್’ ಎಂದು ಕೂಗಬೇಕು. ಒಳಗಿನಿಂದ ‘ಮೊಂಗ್ಗೊ’ ಎಂಬ ಉತ್ತರ ಬಂದ ಮೇಲಷ್ಟೇ ಚಪ್ಪಲಿ ಕಳಚಿ ಒಳಗೆ ಹೋಗಬೇಕು. ಒಡನೆಯೇ ಗಾಜಿನ ಲೋಟದಲ್ಲಿ ಚಹಾ ಬರುತ್ತದೆ: ಬಿಸಿಯಾದ, ಗಟ್ಟಿಯಾದ, ಹಾಲಿಲ್ಲದ, ಬೇಕಾದದ್ದಕ್ಕಿಂತ ಎರಡು ಪಾಲು ಸಿಹಿಯಾದ ಚಹಾ. ಅದು ನಿಮ್ಮ ಮುಂದೆ ಆರುತ್ತಿದ್ದರೂ ಮನೆಯವರು ಮತ್ತೆ ‘ಮೊಂಗ್ಗೊ’ ಎಂದು ಹೇಳುವವರೆಗೆ ಮುಟ್ಟದಿರುವುದು ಮರ್ಯಾದೆ, ಹೇಳಿದ ಮೇಲೆ ಒಂದು ಗುಟುಕೂ ಕುಡಿಯದಿರುವುದು ಅವಮರ್ಯಾದೆ. ಕೆಲಸದ ಮಾತನ್ನು ನೇರವಾಗಿ ಎತ್ತಬೇಡಿ. ಮಳೆ, ಬೆಳೆ, ನಿಮ್ಮ ತಂದೆತಾಯಿ, ಮಕ್ಕಳು, ಭಾರತದ ಸಿನಿಮಾ, ಇವೆಲ್ಲ ಮುಗಿದ ಮೇಲೆ ನಿಮ್ಮ ವಿಷಯ ತಾನಾಗಿಯೇ ಬರುತ್ತದೆ. ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಬಲಗೈಯಲ್ಲೇ ಮಾಡಿ. ಕುಳಿತ ಹಿರಿಯರ ಮುಂದೆ ಹಾಯುವಾಗ ಬೆನ್ನು ಬಾಗಿಸಿ ‘ನುವುನ್ ಸೆವು’ ಎನ್ನಿ.

ಜಾವಾ ಭಾಷೆಗೆ ಮಟ್ಟಗಳಿವೆ: ಸಮಾನರೊಡನೆ ಆಡುವುದು ಙೊಕೊ, ಹಿರಿಯರೊಡನೆ ಆಡುವುದು ಕ್ರಮ. ಹೊಸಬರು ಇವೆರಡನ್ನು ಕಲಸಿ ಎಡವುವುದಕ್ಕಿಂತ ಇಂಡೊನೇಷ್ಯನ್ ಭಾಷೆಯಲ್ಲಿ ಮಾತಾಡಿ, ವಂದನೆ ಕೃತಜ್ಞತೆಗಳಿಗಷ್ಟೇ ಕ್ರಮ ಬಳಸುವುದು ಒಳ್ಳೆಯದು. ನಡುವಯಸ್ಸಿನವರಿಗೆ ಪಾಕ್ ಮತ್ತು ಬು, ಕಿರಿಯರಿಗೆ ಮಾಸ್ ಮತ್ತು ಎಂಬಾಕ್, ಅಜ್ಜ ಅಜ್ಜಿಯರಿಬ್ಬರಿಗೂ ಎಂಬಾಹ್. ಬರಿ ಹೆಸರು ಹಿಡಿದು ಯಾರನ್ನೂ ಕರೆಯಬೇಡಿ. ಇನ್ನೊಂದು ಎಚ್ಚರಿಕೆ: ನೀವು ಕೇಳಿದ್ದಕ್ಕೆಲ್ಲ ‘ಇಂಗ್ಗಿಹ್’, ಅಂದರೆ ‘ಹೌದು’, ಎಂಬ ಉತ್ತರ ಬಂದರೆ, ನಿಮ್ಮ ಮಾತು ಕೇಳಿಸಿತು ಎಂದಷ್ಟೇ ತಿಳಿಯಿರಿ. ಒಪ್ಪಿಗೆಯಾಯಿತೇ ಇಲ್ಲವೇ ಎಂಬುದು ಎರಡು ದಿನ ಬಿಟ್ಟು ಮೂರನೆಯವರ ಬಾಯಲ್ಲಿ ತಿಳಿದುಬರುತ್ತದೆ.

ಮನೆ ಹಿಡಿಯುವುದು

ಪರಿಚಯವಿಲ್ಲದ ಊರಿನಲ್ಲಿ ಮೊದಲಿಗೇ ಬಾಡಿಗೆ ಮನೆ ಹುಡುಕಬಾರದು. ಪ್ರವಾಸಿ ಗ್ರಾಮಗಳೆಂದು ಗುರುತಿಸಿಕೊಂಡ ದೆಸಾ ವಿಸಾತಾಗಳಲ್ಲಿ ಮನೆವಸತಿ ಸುಲಭವಾಗಿ ಸಿಗುತ್ತದೆ. ಸ್ಲೆಮಾನ್ ಜಿಲ್ಲೆಯ ಪೆಂತಿಂಗ್‌ಸಾರಿ, ಬೊರೊಬುದುರ್ ಪಕ್ಕದ ಚಂದಿರೆಜೊ, 2021ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಉತ್ತಮ ಗ್ರಾಮಗಳ ಪಟ್ಟಿ ಸೇರಿದ ಗುನುಂಗ್‌ಕಿದುಲ್‌ನ ಙ್ಲಂಗ್ಗೆರಾನ್ ಇಂಥವು. ಅಲ್ಲಿ ಒಂದೆರಡು ವಾರ ಇದ್ದು ರೂಢಿ ಮಾಡಿಕೊಂಡ ಮೇಲೆ, ಪರಿಚಯದವರ ಮೂಲಕ ಬೇರೆ ಹಳ್ಳಿಯಲ್ಲಿ ಮನೆ ನೋಡಬಹುದು.

ಹಳ್ಳಿಯ ಮನೆಗಳ ಬಾಡಿಗೆ ತಿಂಗಳ ಲೆಕ್ಕದಲ್ಲಲ್ಲ, ವರ್ಷದ ಲೆಕ್ಕದಲ್ಲಿ ಮುಂಗಡವಾಗಿ ಕೊಡುವ ಪದ್ಧತಿಯೇ ಹೆಚ್ಚು. ಹಣ ಕೊಡುವ ಮೊದಲು ಮುದ್ರೆಯ ಸ್ಟಾಂಪು ಅಂಟಿಸಿದ ಕರಾರು ಪತ್ರ ಮಾಡಿಸಿ. ಅದರಲ್ಲಿ ಅವಧಿ, ಮೊತ್ತ, ದುರಸ್ತಿಯ ಹೊಣೆ ಮತ್ತು ಸಾಕ್ಷಿಯಾಗಿ ಪಾಕ್ ಎರ್ತೆಯವರ ಸಹಿ ಇರಲಿ. ಮನೆ ಅಣ್ಣತಮ್ಮಂದಿರ ಜಂಟಿ ಆಸ್ತಿಯಾಗಿದ್ದರೆ ಒಬ್ಬರ ಸಹಿ ಸಾಲದು.

ನೋಡಬೇಕಾದ ಸಂಗತಿಗಳಲ್ಲಿ ಮೊದಲನೆಯದು ಗೋಡೆ. 2006ರ ಮೇ 27ರ ಮುಂಜಾನೆ ಬಂತುಲ್ ಮತ್ತು ಕ್ಲಾತೆನ್ ಜಿಲ್ಲೆಗಳನ್ನು ನಡುಗಿಸಿದ ಭೂಕಂಪದಲ್ಲಿ 5,700ಕ್ಕೂ ಹೆಚ್ಚು ಜನ ಸತ್ತರು. ಕಬ್ಬಿಣದ ಸರಳಿನ ಕಂಬ ತೊಲೆಗಳಿಲ್ಲದೆ ಇಟ್ಟಿಗೆಯಲ್ಲಿ ಕಟ್ಟಿದ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಆದ್ದರಿಂದ ನಾಲ್ಕು ಮೂಲೆಗಳಲ್ಲೂ ಬಲವರ್ಧಿತ ಕಾಂಕ್ರೀಟಿನ ಕಂಬಗಳಿವೆಯೇ, ಅವನ್ನು ಮೇಲೆ ತೊಲೆ ಕಟ್ಟಿ ಹಿಡಿದಿದೆಯೇ ಎಂದು ವಿಚಾರಿಸಿ. ಹಳೆಯ ಜೊಗ್ಲೊ ಅಥವಾ ಲಿಮಾಸಾನ್ ಮಾದರಿಯ ಮರದ ಚೌಕಟ್ಟಿನ ಮನೆಯಾದರೆ ಚಿಂತೆ ಸ್ವಲ್ಪ ಕಡಿಮೆ. ಮೆರಾಪಿಯ ಕಡೆಗೆ ಎತ್ತರದಲ್ಲಿರುವ ಊರಾದರೆ ಅಪಾಯ ವಲಯದ ನಕ್ಷೆಯಲ್ಲಿ ಎಲ್ಲಿದೆ ಎಂಬುದನ್ನು ತಿಳಿಯಿರಿ. 2010ರ ಸ್ಫೋಟದಲ್ಲಿ ಇಡೀ ಕೇರಿಗಳೇ ಹೂತುಹೋದವು. ಪರ್ವತದ ಸ್ಥಿತಿಯನ್ನು ನಾಲ್ಕು ಹಂತಗಳಲ್ಲಿ ಪ್ರಕಟಿಸುತ್ತಾರೆ, 2020ರ ನವೆಂಬರಿನಲ್ಲಿ ಅದನ್ನು ಮೂರನೆಯದಾದ ಸಿಯಾಗಾ ಹಂತಕ್ಕೆ ಏರಿಸಲಾಯಿತು.

ಎರಡನೆಯದು ವಿದ್ಯುತ್ತು. ಹಳ್ಳಿಯ ಸಂಪರ್ಕಗಳಲ್ಲಿ 450 ಅಥವಾ 900 ವೋಲ್ಟ್ ಆಂಪಿಯರ್ ಸಾಮರ್ಥ್ಯದವೇ ಹೆಚ್ಚು. ಇಂಥ ಮನೆಯಲ್ಲಿ ನಮ್ಮ 750 ವಾಟಿನ ಮಿಕ್ಸಿ ಚಾಲೂ ಮಾಡಿದರೆ, ಅದೇ ಹೊತ್ತಿಗೆ ಅನ್ನದ ಕುಕ್ಕರೂ ಹೊತ್ತಿದ್ದರೆ, ಇಡೀ ಮನೆ ಕತ್ತಲಾಗುತ್ತದೆ. ಚಟ್ನಿಗೆ ಅಲ್ಲಿಯ ಕಲ್ಲಿನ ಚೊಬೆಕ್ ಸಾಕು. ಮೀಟರು ಮುಂಗಡ ಪಾವತಿಯದಾದರೆ ಅಂಗಡಿಯಲ್ಲಿ ಟೋಕನ್ ಕೊಂಡು 20 ಅಂಕಿಗಳನ್ನು ಒತ್ತಬೇಕು. ಬಾಕಿ ಕಡಿಮೆಯಾದಾಗ ಮೀಟರು ಕೀಂಗುಟ್ಟಲು ಶುರುಮಾಡುತ್ತದೆ, ಆ ಸದ್ದು ಪಕ್ಕದ ಮನೆಯವರಿಗೂ ಕೇಳುತ್ತದೆ. ಬಾವಿಗೂ ಶೌಚದ ಗುಂಡಿಗೂ ಕನಿಷ್ಠ 10 ಮೀಟರ್ ಅಂತರವಿದೆಯೇ ನೋಡಿ. ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ, ಇಲ್ಲವೇ 19 ಲೀಟರಿನ ಕ್ಯಾನ್ ತರಿಸಿ.

ನೆರೆಹೊರೆಯ ಲೆಕ್ಕ

ಬಾಡಿಗೆ ಕೊಟ್ಟ ಮಾತ್ರಕ್ಕೆ ಊರಿನ ಋಣ ತೀರುವುದಿಲ್ಲ. ಮನೆಯ ಮುಂಬಾಗಿಲ ಪಕ್ಕದಲ್ಲಿ ಮೊಳೆಗೆ ತೂಗುಹಾಕಿದ ಸಣ್ಣ ಬಟ್ಟಲೋ ಪ್ಲಾಸ್ಟಿಕ್ ಲೋಟವೋ ಕಂಡರೆ ಅದನ್ನು ತೆಗೆಯಬೇಡಿ. ಅದು ಜಿಂಪಿತಾನ್‌ಗೆ ಇಟ್ಟದ್ದು. ಪ್ರತಿ ರಾತ್ರಿ ಮನೆಯವರು ಅದರಲ್ಲಿ ಒಂದು ಚಿಟಿಕೆ ಅಕ್ಕಿ ಹಾಕಿಡುತ್ತಾರೆ, ಈಗೀಗ 500 ರೂಪಿಯಾದ ನಾಣ್ಯ ಹಾಕುವವರೂ ಇದ್ದಾರೆ. ಸರದಿಯ ಮೇಲೆ ರಾತ್ರಿ ಪಹರೆಗೆ ಬರುವ ಗಂಡಸರು ಟಾರ್ಚು ಹಿಡಿದು ಮನೆಯಿಂದ ಮನೆಗೆ ನಡೆದು, ಬಟ್ಟಲನ್ನು ಚೀಲಕ್ಕೆ ಬೋರಲು ಹಾಕಿ, ಯಾರ ಮನೆಯದು ಖಾಲಿಯಿತ್ತು ಎಂಬುದನ್ನು ಪುಸ್ತಕದಲ್ಲಿ ಗುರುತು ಮಾಡಿಕೊಳ್ಳುತ್ತಾರೆ. ಸೇರಿದ್ದರಿಂದ ದಾರಿದೀಪದ ಬಲ್ಬು, ಶವಸಂಸ್ಕಾರದ ಸಾಮಾನು, ಕಾಯಿಲೆಯವರಿಗೆ ನೆರವು ಇತ್ಯಾದಿ ನಡೆಯುತ್ತವೆ. ಮೊತ್ತ ಚಿಲ್ಲರೆಯದು. ಆದರೆ ಒಳಗೆ ಮನುಷ್ಯರಿದ್ದಾರೆ, ಎಲ್ಲ ಕ್ಷೇಮ ಎಂಬುದನ್ನು ಊರು ದಿನಕ್ಕೊಮ್ಮೆ ಪರೀಕ್ಷಿಸಿಕೊಳ್ಳುವ ಉಪಾಯವೂ ಇದೇ ಆದ್ದರಿಂದ, ವಿದೇಶಿಯೆಂದು ನಿಮಗೆ ವಿನಾಯಿತಿ ಕೊಟ್ಟರೂ ಒಪ್ಪಿಕೊಳ್ಳಬೇಡಿ. ಪಹರೆಯ ಸರದಿಯನ್ನೂ ಕೇಳಿ ಪಡೆಯಿರಿ. ಚಾವಡಿಯಲ್ಲಿ ಕೆಂಡದ ಮೇಲೆ ಮರಗೆಣಸು ಸುಡುತ್ತ ಕೂತ ಒಂದು ರಾತ್ರಿಯಲ್ಲಿ ಊರಿನ ಬಗ್ಗೆ ತಿಳಿಯುವಷ್ಟು ತಿಂಗಳ ಓಡಾಟದಲ್ಲೂ ತಿಳಿಯುವುದಿಲ್ಲ.

ಭಾನುವಾರಗಳಲ್ಲಿ ಚರಂಡಿ, ಕಾಲುವೆ, ಸ್ಮಶಾನಗಳನ್ನು ಶುಚಿಗೊಳಿಸುವ ಕೆರ್ಜಾ ಬಕ್ತಿ ಇರುತ್ತದೆ; ಗಂಡಸರು ಗುದ್ದಲಿ ಹಿಡಿದರೆ ಹೆಂಗಸರು ತಿಂಡಿ ಚಹಾ ನೋಡಿಕೊಳ್ಳುತ್ತಾರೆ. ಮದುವೆ ಮುಂಜಿಗಳಿದ್ದ ಮನೆಗೆ ಹೆಂಗಸರು ಒಂದೆರಡು ದಿನ ಮೊದಲೇ ಹೋಗಿ ಅಡುಗೆಗೆ ಕೈಗೂಡಿಸುವುದಕ್ಕೆ ರೆವಾಂಗ್ ಎನ್ನುತ್ತಾರೆ. ಸಮಾರಂಭಕ್ಕೆ ಹೋಗುವಾಗ ಹೆಸರು ಬರೆದ ಲಕೋಟೆಯಲ್ಲಿ ಹಣವಿಟ್ಟು ಕೊಡಬೇಕು. ಯಾರೆಷ್ಟು ಕೊಟ್ಟರೆಂಬುದನ್ನು ಮನೆಯವರು ಬರೆದಿಟ್ಟುಕೊಂಡು ಮುಂದೆ ಅಷ್ಟನ್ನೇ ಹಿಂದಿರುಗಿಸುವುದರಿಂದ, ಧಾರಾಳವಾಗಿ ಕೊಟ್ಟರೆ ಅವರ ಮೇಲೆ ಸಾಲ ಹೊರಿಸಿದಂತಾಗುತ್ತದೆ. ನೆರೆಯವರೆಷ್ಟು ಕೊಡುತ್ತಾರೋ ಅಷ್ಟೇ ಕೊಡಿ. ಸಾವಿನ ಸುದ್ದಿ ಮಸೀದಿಯ ಧ್ವನಿವರ್ಧಕದಲ್ಲಿ ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಆ ಮನೆಗೆ ಹೋಗಬೇಕು. ಮಣ್ಣು ಮಾಡುವುದು ಸಾಮಾನ್ಯವಾಗಿ ಅದೇ ದಿನ, ತಡವಾಗಿ ಬಂದವರ ಸಮಾಧಾನದ ಮಾತಿಗೆ ಬೆಲೆಯಿಲ್ಲ.

ದಿನ ಗೊತ್ತುಮಾಡುವ ವಿಷಯದಲ್ಲೂ ಊರಿನ ಲೆಕ್ಕ ಬೇರೆ. ಏಳು ದಿನದ ವಾರದ ಜೊತೆಗೆ ಲೆಗಿ, ಪಾಹಿಂಗ್, ಪೊನ್, ವಾಗೆ, ಕ್ಲಿವೊನ್ ಎಂಬ ಐದು ದಿನಗಳ ವಾರವೊಂದು ಓಡುತ್ತಿರುತ್ತದೆ. ಹಳ್ಳಿಯ ಸಂತೆಗಳು ನಡೆಯುವುದು ಈ ಐದರ ಲೆಕ್ಕದಲ್ಲಿ. ಪೊನ್ ಸಂತೆಗೆ ಹೋಗಬೇಕಾದವರು ಮುಂದಿನ ಪೊನ್ ನಮ್ಮ ಏಳು ದಿನದ ವಾರದ ಯಾವ ದಿನ ಬೀಳುತ್ತದೆಂದು ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಬೇಕು. ವರ್ಷದ ಎಣಿಕೆಯಲ್ಲಿ ನಮಗೆ ಪರಿಚಿತವಾದದ್ದೊಂದು ಇದೆ: 1633ರಲ್ಲಿ ಮಾತಾರಾಂನ ಸುಲ್ತಾನ್ ಅಗುಂಗ್ ಇಸ್ಲಾಮಿನ ಚಾಂದ್ರಮಾನವನ್ನು ಅಳವಡಿಸಿದರೂ ಆಗ ನಡೆಯುತ್ತಿದ್ದ ಶಕವರ್ಷ 1555ರ ಎಣಿಕೆಯನ್ನೇ ಮುಂದುವರಿಸಿದನು. ಈ ಪಂಚಾಂಗದ ಮೊದಲ ತಿಂಗಳಾದ ಸುರೊದಲ್ಲಿ ನಮ್ಮ ಆಷಾಢದಂತೆ ಮದುವೆಗಳು ನಡೆಯುವುದಿಲ್ಲ, ಮನೆ ಬದಲಾಯಿಸುವುದನ್ನೂ ಕಟ್ಟಡದ ಕೆಲಸ ಶುರುಮಾಡುವುದನ್ನೂ ಹಲವರು ಮುಂದೂಡುತ್ತಾರೆ. ಕರಾರಿನ ತಾರೀಕು ಹಾಕುವ ಮುನ್ನ ಇದನ್ನು ವಿಚಾರಿಸಿಕೊಳ್ಳಿ.

ಊಟದ ವಿಚಾರ

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ, ಆದರೆ ಬಿಡಿಸಿ ಹೇಳಬೇಕು. ಮಾಂಸ ಬೇಡವೆಂದಷ್ಟೇ ಹೇಳಿದರೆ ಕೋಳಿ ಬಂದೀತು. ಏಕೆಂದರೆ ದಾಗಿಂಗ್ ಎಂದರೆ ಬಹಳ ಜನರ ಮನಸ್ಸಿನಲ್ಲಿ ದನ ಅಥವಾ ಆಡಿನ ಮಾಂಸ ಮಾತ್ರ. ಆಯಾಮ್, ಇಕಾನ್, ಉದಾಂಗ್, ಅಂದರೆ ಕೋಳಿ, ಮೀನು, ಸಿಗಡಿ, ಇವನ್ನು ಒಂದೊಂದಾಗಿ ಹೆಸರಿಸಿ ಬೇಡವೆನ್ನಿ. ಸಂಬಲ್ ಎಂಬ ಮೆಣಸಿನ ಚಟ್ನಿಯಲ್ಲಿ ಸಿಗಡಿಯಿಂದ ಮಾಡಿದ ತೆರಾಸಿ ಸೇರಿರುವುದೇ ಹೆಚ್ಚು, ಅದನ್ನೂ ಪ್ರತ್ಯೇಕವಾಗಿ ಕೇಳಬೇಕು. ಸೋಯಾ ಕಾಳನ್ನು ಹುದುಗಿಸಿ ಮಾಡಿದ ತೆಂಪೆ, ಸೋಯಾ ಹಾಲಿನ ಗಿಣ್ಣಿನಂಥ ತಾಹು, ತೆಂಗಿನತುರಿ ಬೆರೆಸಿದ ಸೊಪ್ಪಿನ ಉರಾಪ್, ಕಡಲೆಕಾಯಿ ಗೊಜ್ಜಿನ ಪೆಚೆಲ್, ತೆಂಗಿನಹಾಲಿನ ಸಾಯುರ್ ಲೊದೆಹ್ ಇಷ್ಟಿದ್ದರೆ ದಿನ ಕಳೆಯುತ್ತದೆ. ಪ್ರಾರ್ಥನೆಯ ಊಟವಾದ ಕೆಂದುರಿಯಿಂದ ಮರಳುವಾಗ ಕೊಡುವ ಬೆರ್ಕಾತ್ ಬುಟ್ಟಿಯಲ್ಲಿ ಕೋಳಿಯಿದ್ದರೂ ನಿರಾಕರಿಸದೆ ತೆಗೆದುಕೊಂಡು ಬಂದು ನೆರೆಮನೆಯ ಮಕ್ಕಳಿಗೆ ಕೊಡಿ.

ಗದ್ದೆಗೆ ಇಳಿಯುವ ಮೊದಲು

ಜಾವಾದ ರೈತರಲ್ಲಿ ಬಹುಪಾಲು ಮಂದಿಯ ಹಿಡುವಳಿ ಅರ್ಧ ಹೆಕ್ಟೇರಿಗಿಂತ ಕಡಿಮೆ. ನೀರಾವರಿಯಿದ್ದಲ್ಲಿ ವರ್ಷಕ್ಕೆ ಎರಡು ಅಥವಾ ಮೂರು ಭತ್ತದ ಬೆಳೆ. ನೀರು ಸಾಲದ ಕಡೆ ಮೂರನೆಯದು ಮುಸುಕಿನ ಜೋಳವೋ ಸೋಯಾವೋ ಕಡಲೆಕಾಯಿಯೋ ಆಗಿರುತ್ತದೆ. ಗದ್ದೆಯ ಒಡೆಯ, ಗೇಣಿದಾರ, ಕೂಲಿಯವರ ನಡುವಿನ ಲೆಕ್ಕ ಹಳೆಯದು: ಮಾರೊ ಎಂದರೆ ಅರ್ಧ ಪಾಲು, ಮೆರ್ತೆಲು ಎಂದರೆ ಮೂರರಲ್ಲೊಂದು ಪಾಲು, ಕೊಯ್ಲಿನವರಿಗೆ ಭತ್ತದಲ್ಲೇ ಕೊಡುವ ಕೂಲಿ ಬಾವೊನ್. ನಿಂತ ಬೆಳೆಯನ್ನೇ ವ್ಯಾಪಾರಿಗೆ ಮಾರಿಬಿಡುವ ತೆಬಾಸಾನ್ ಪದ್ಧತಿ ಹಬ್ಬಿದ ಮೇಲೆ ಊರಿನ ಬಡವರಿಗೆ ಕೊಯ್ಲಿನ ಪಾಲು ಸಿಗುವುದು ಕಡಿಮೆಯಾಯಿತು. ಆದ್ದರಿಂದ ಫಸಲಿನ ಲೆಕ್ಕ ಕೇಳುವಾಗ ಸೂಕ್ಷ್ಮವಾಗಿರಿ, ಎಲ್ಲರೂ ಕೂತಿರುವಲ್ಲಿ ಕೇಳಬೇಡಿ.

ಹಗಲು ಬದುವಿನ ಮೇಲೆ ನಡೆಯಲು ಅಭ್ಯಂತರವಿಲ್ಲ. ಆದರೆ ಕತ್ತಲಲ್ಲಿ ಗದ್ದೆಯ ಬದಿಗೆ ಕಾಲಿಡಲೇಬೇಡಿ. ಇಲಿಗಳನ್ನು ಕೊಲ್ಲಲು ಬದುವಿನುದ್ದಕ್ಕೂ ತಂತಿ ಎಳೆದು ಕರೆಂಟು ಹರಿಸುವ ಪದ್ಧತಿ ನಿಷೇಧವಿದ್ದರೂ ನಿಂತಿಲ್ಲ. ಸ್ರಾಗೆನ್ ಮತ್ತು ಙಾವಿ ಜಿಲ್ಲೆಗಳಲ್ಲಿ ಇದರಿಂದ ಎಷ್ಟೋ ರೈತರು, ಕೆಲವರು ತಾವೇ ಎಳೆದ ತಂತಿ ತಗುಲಿ, ಸತ್ತಿದ್ದಾರೆ. ಇಲಿಯ ಮೂತ್ರ ಬೆರೆತ ಕೆಸರಿನಿಂದ ಇಲಿಜ್ವರ ಬರುತ್ತದೆ. ಕಾಲಿನಲ್ಲಿ ಗಾಯವಿದ್ದಾಗ ನಾಟಿಯ ಮೋಜಿಗೆಂದು ಇಳಿಯಬೇಡಿ, ಇಳಿದ ಮೇಲೆ ಜ್ವರ ಬಂದರೆ ಪುಸ್ಕೆಸ್ಮಾಸ್ ಎಂಬ ತಾಲ್ಲೂಕು ಆರೋಗ್ಯ ಕೇಂದ್ರದಲ್ಲಿ ಗದ್ದೆಗೆ ಇಳಿದಿದ್ದನ್ನು ತಪ್ಪದೆ ಹೇಳಿ.

ಜಮೀನು ಕೊಳ್ಳುವ ಮಾತು

ಕೆಲವು ತಿಂಗಳು ಕಳೆದೊಡನೆ ಯಾರಾದರೊಬ್ಬರು ಗದ್ದೆಯಂಚಿನ ಚೆಲುವಾದ ತುಂಡೊಂದನ್ನು ತೋರಿಸಿ ‘ಕೊಳ್ಳುವಿರಾ’ ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ಕಾನೂನಿನಲ್ಲೇ ಇದೆ. ಇಂಡೊನೇಷ್ಯಾದ 1960ರ ಮೂಲ ಕೃಷಿಭೂಮಿ ಕಾಯ್ದೆಯ 21ನೆಯ ಕಲಮಿನಂತೆ ಪೂರ್ಣ ಒಡೆತನ, ಅಂದರೆ ಹಾಕ್ ಮಿಲಿಕ್, ಆ ದೇಶದ ಪ್ರಜೆಗಳಿಗಷ್ಟೇ ಸಲ್ಲುತ್ತದೆ. ವಾರಸಾಗಿ ಬಂದ ಜಮೀನನ್ನೂ ವಿದೇಶಿಯರು ಒಂದು ವರ್ಷದೊಳಗೆ ಬಿಟ್ಟುಕೊಡಬೇಕು. ಪರಿಚಿತ ಸ್ಥಳೀಯರ ಹೆಸರಿನಲ್ಲಿ ಕೊಂಡು ಒಳಗೊಳಗೆ ಬೇರೆ ಪತ್ರ ಮಾಡಿಕೊಳ್ಳುವ ಉಪಾಯವನ್ನು ದಲ್ಲಾಳಿಗಳು ನಗುನಗುತ್ತ ಸೂಚಿಸುತ್ತಾರೆ. ಅದೇ ಕಾಯ್ದೆಯ 26ನೆಯ ಕಲಮು ಸುತ್ತುಬಳಸಿ ಮಾಡಿದ ಇಂಥ ವರ್ಗಾವಣೆಯನ್ನು ಅಸಿಂಧುವೆಂದು ಸಾರುತ್ತದೆ: ಜಮೀನು ಸರ್ಕಾರಕ್ಕೆ ಸೇರುತ್ತದೆ, ಕೊಟ್ಟ ಹಣವನ್ನು ಮರಳಿ ಕೇಳುವ ಹಕ್ಕೂ ಇರುವುದಿಲ್ಲ. ಇಷ್ಟು ಸ್ಪಷ್ಟವಾಗಿ ಬರೆದ ಕಾನೂನನ್ನು ನಂಬದೆ ನಗುವ ದಲ್ಲಾಳಿಯನ್ನು ನಂಬುವುದು ಜಾಣತನವಲ್ಲ.

ವಿದೇಶಿಯರಿಗೆ ತೆರೆದಿರುವುದು ಹಾಕ್ ಪಾಕಾಯ್ ಎಂಬ ಬಳಕೆಯ ಹಕ್ಕು. 2021ರ 18ನೆಯ ಸರ್ಕಾರಿ ನಿಯಮದ ಪ್ರಕಾರ ಅದು 30 ವರ್ಷಕ್ಕೆ ದೊರೆತು, 20 ವರ್ಷ ವಿಸ್ತರಣೆಯಾಗಿ, ಮತ್ತೆ 30 ವರ್ಷಕ್ಕೆ ನವೀಕರಣವಾಗಬಹುದು. ಆದರೆ ವಿದೇಶಿಯರು ಕೊಳ್ಳುವ ಮನೆಗೆ ಪ್ರಾಂತ್ಯವಾರು ಕನಿಷ್ಠ ಬೆಲೆಯನ್ನು ನಿಗದಿ ಮಾಡಿದ್ದು, ಅದು ಹಲವು ನೂರು ಕೋಟಿ ರೂಪಿಯಾಗಳಷ್ಟಿರುವುದರಿಂದ ಹಳ್ಳಿಯ ಸಾಮಾನ್ಯ ಮನೆ ಆ ಚೌಕಟ್ಟಿಗೆ ಬರುವುದೇ ಇಲ್ಲ. ಹೀಗಾಗಿ ವರ್ಷಗಟ್ಟಲೆ ಇರಬೇಕಾದವರಿಗೂ ನೋಟರಿಯ ಮುಂದೆ ಮಾಡಿದ ದೀರ್ಘ ಬಾಡಿಗೆ ಕರಾರೇ ಸುರಕ್ಷಿತವೆಂಬುದು ನನ್ನ ಅಭಿಪ್ರಾಯ.

ಜಾವಾದವರನ್ನು ಮದುವೆಯಾದವರ ಸಂದರ್ಭ ಬೇರೆ. ಆಸ್ತಿ ಪ್ರತ್ಯೇಕವೆಂಬ ಒಪ್ಪಂದವಿಲ್ಲದಿದ್ದರೆ ಕೊಂಡ ಜಮೀನು ದಂಪತಿಗಳಿಬ್ಬರದೂ ಎಂದಾಗಿ, ಇಂಡೊನೇಷ್ಯಾದ ಪ್ರಜೆಯಾದ ಸಂಗಾತಿಯ ಹಾಕ್ ಮಿಲಿಕ್‌ಗೂ ತೊಡಕು ಬರುತ್ತದೆ. ಮೊದಲು ಇಂಥ ಒಪ್ಪಂದವನ್ನು ಮದುವೆಗೆ ಮುಂಚೆಯೇ ಮಾಡಬೇಕಿತ್ತು. ಸಂವಿಧಾನ ನ್ಯಾಯಾಲಯದ 2015ರ 69ನೆಯ ಸಂಖ್ಯೆಯ ಪ್ರಕರಣದ ತೀರ್ಪಿನ ನಂತರ ಮದುವೆಯಾದ ಮೇಲೂ ಮಾಡಿಕೊಳ್ಳಬಹುದು. ನೋಟರಿಯ ಮುಂದೆ ಇದನ್ನು ಮುಗಿಸಿದ ಮೇಲೆ ಸಂಗಾತಿಯ ಹೆಸರಿನಲ್ಲಿ ಜಮೀನು ನೋಡಲು ಹೊರಡಿ. ಮುಂದಿನ ಹಂತಗಳು ಅಂಥವರಿಗಾಗಿ.

ಮೊದಲು ಕಾಗದ ಯಾವುದೆಂದು ಕೇಳಿ. ಭೂ ಕಚೇರಿ ಕೊಟ್ಟ ಸೆರ್ತಿಫಿಕಾತ್ ಇದ್ದರೆ ಒಳ್ಳೆಯದು. ಗಿರಿಕ್, ಪೆತೊಕ್ ದೆ, ಲೆತ್ತರ್ ಸೆ ಎಂದೆಲ್ಲ ಹೇಳಿ ಹಳದಿಗಟ್ಟಿದ ಹಾಳೆ ತೋರಿಸಿದರೆ, ಅವು ಹಿಂದೆ ಕಂದಾಯ ಕಟ್ಟಿದ ದಾಖಲೆಗಳೇ ಹೊರತು ಒಡೆತನದ ಪತ್ರಗಳಲ್ಲ ಎಂದು ತಿಳಿಯಿರಿ. ಇಂಥ ಹಳೆಯ ಹಕ್ಕುಗಳನ್ನು ಐದು ವರ್ಷದೊಳಗೆ ನೋಂದಾಯಿಸಬೇಕೆಂದು ಮೇಲೆ ಹೇಳಿದ 2021ರ ನಿಯಮ ವಿಧಿಸಿದ ಗಡುವು 2026ರ ಫೆಬ್ರುವರಿಯದು. ಅದಾದ ಮೇಲೆ ಅವು ಜಮೀನನ್ನು ಗುರುತಿಸಲು ಸುಳಿವಾಗಬಹುದಷ್ಟೆ. ಲೆತ್ತರ್ ಸೆಯ ಮೂಲ ಪುಸ್ತಕ ಗ್ರಾಮ ಕಚೇರಿಯಲ್ಲಿ ಚಾರಿಕ್ ಎನ್ನುವ ಕಾರ್ಯದರ್ಶಿಯ ವಶದಲ್ಲಿರುತ್ತದೆ, ಮಾರುವವರೊಡನೆ ಹೋಗಿ ನೋಡಬೇಕು.

ಆಮೇಲೆ ವಾರಸುದಾರರನ್ನು ಎಣಿಸಿ. ಅಜ್ಜನ ಹೆಸರಿನಲ್ಲೇ ಉಳಿದ ತುಂಡು ಎಂದರೆ ಸುಮಾತ್ರಾದಲ್ಲಿರುವ ಚಿಕ್ಕಪ್ಪ, ಜಕಾರ್ತದಲ್ಲಿರುವ ಅತ್ತೆ, ತೀರಿಕೊಂಡ ಅಣ್ಣನ ಮಕ್ಕಳು, ಎಲ್ಲರ ಸಹಿಯೂ ಬೇಕು. ಗಂಡುಮಕ್ಕಳಿಗೆ ಎರಡು ಪಾಲು, ಹೆಣ್ಣುಮಕ್ಕಳಿಗೆ ಒಂದು ಪಾಲು ಎಂಬ ಹಳೆಯ ರೂಢಿಯನ್ನು ಕೆಲವು ಮನೆಗಳು ಅನುಸರಿಸಿದರೆ, ಸಮಪಾಲು ಮಾಡುವ ಮನೆಗಳೂ ಬಹಳ ಇವೆ. ಪಾಲು ತೀರ್ಮಾನವಾಗದ ಜಮೀನಿಗೆ ಮುಂಗಡ ಕೊಟ್ಟರೆ ಆ ಮನೆಯ ಜಗಳದಲ್ಲಿ ನೀವೂ ಒಬ್ಬ ಪಕ್ಷಗಾರರಾಗುತ್ತೀರಿ.

ಇನ್ನು ಜಮೀನಿನ ಜಾತಿ. ಗ್ರಾಮಾಧಿಕಾರಿಗಳಿಗೆ ಸಂಬಳದ ಬದಲು ಉಂಬಳಿಯಾಗಿ ಬಿಟ್ಟ ತಾನಾಹ್ ಬೆಂಕೊಕ್ ಮತ್ತು ಗ್ರಾಮದ ಬೊಕ್ಕಸಕ್ಕೆ ಸೇರಿದ ತಾನಾಹ್ ಕಾಸ್ ದೆಸಾ ಮಾರಾಟಕ್ಕಲ್ಲ. ಯೋಗ್ಯಕರ್ತ ವಿಶೇಷ ಪ್ರಾಂತ್ಯದಲ್ಲಿ ಸುಲ್ತಾನರ ಮತ್ತು ಅಲ್ಲಿಯ ಇನ್ನೊಂದು ರಾಜಮನೆತನವಾದ ಪಾಕುವಾಲಾಮರ ಜಮೀನುಗಳೂ ಇದ್ದು, 2012ರ ವಿಶೇಷಾಧಿಕಾರ ಕಾಯ್ದೆ ಅವನ್ನು ಮಾನ್ಯ ಮಾಡಿದೆ. ಗ್ರಾಮದ ಜಮೀನಿನ ಮೇಲೆ ಅನುಮತಿಯಿಲ್ಲದೆ ಮನೆಗಳನ್ನು ಕಟ್ಟಿ ‘ದೀರ್ಘ ಬಾಡಿಗೆ’ಯೆಂದು ಮಾರಿದ ಪ್ರಕರಣಗಳಲ್ಲಿ ಸರ್ಕಾರ ಕಟ್ಟಡಗಳಿಗೆ ಬೀಗ ಹಾಕಿದೆ, ಹಣ ಕೊಟ್ಟವರು ಹೊರಗುಳಿದಿದ್ದಾರೆ. ಗದ್ದೆಯಾದರೆ 2009ರ 41ನೆಯ ಕಾಯ್ದೆಯಂತೆ ಸಂರಕ್ಷಿತ ಆಹಾರಬೆಳೆಯ ಭೂಮಿಯೇ ಎಂದು ಜಿಲ್ಲೆಯ ವಿನ್ಯಾಸ ನಕ್ಷೆಯಲ್ಲಿ ನೋಡಬೇಕು. ಸಂರಕ್ಷಿತವಾದುದರ ಮೇಲೆ ಮನೆ ಕಟ್ಟುವಂತಿಲ್ಲ. ಅಲ್ಲದೆ ಕೃಷಿಭೂಮಿಯ ಒಡೆಯರು ಆ ಕೆಚಮಾತಾನ್‌ನಲ್ಲೇ ವಾಸಿಸಬೇಕೆಂಬ ನಿಯಮ 1961ರಿಂದಲೂ ಇದೆ, ನಗರದಲ್ಲಿದ್ದು ಗದ್ದೆ ಹೊಂದುವುದಕ್ಕೆ ಅದು ಅಡ್ಡಿ. ಗದ್ದೆಯನ್ನು ಒತ್ತೆ ಹಿಡಿಯಿರಿ ಎಂದು ಯಾರಾದರೂ ಕೇಳಿದರೆ, ಏಳು ವರ್ಷ ತುಂಬಿದ ಒತ್ತೆಯ ಗದ್ದೆಯನ್ನು ಹಣ ಪಡೆಯದೆಯೇ ಹಿಂದಿರುಗಿಸಬೇಕೆಂಬ 1960ರ ಕಾನೂನನ್ನು ನೆನಪಿಟ್ಟುಕೊಳ್ಳಿ. ರೈತನ ಪಾಲಿಗೆ ಒಳ್ಳೆಯ ಕಾನೂನು ಅದು.

ಎಲ್ಲವೂ ಸರಿಯೆನಿಸಿದರೆ ಪೆಪೆಆತೆ ಎಂದು ಕರೆಯುವ ಅಧಿಕೃತ ಭೂಪತ್ರಗಾರರ ಬಳಿಗೆ ಹೋಗಬೇಕು. ಅವರು ಸೆರ್ತಿಫಿಕಾತನ್ನು ಭೂ ಕಚೇರಿಯ ಮೂಲ ದಾಖಲೆಯೊಡನೆ ತಾಳೆ ನೋಡಿದ ಮೇಲೆಯೇ ಹಣದ ದೊಡ್ಡ ಕಂತು ಕೊಡಿ. ಪ್ರಾಥಮಿಕ ಪರಿಶೀಲನೆಯನ್ನು ಭೂ ಇಲಾಖೆಯ ‘ಸೆಂತುಹ್ ತಾನಾಹ್‌ಕು’ ಆ್ಯಪ್‌ನಲ್ಲಿ ನೀವೇ ಮಾಡಬಹುದು. ಮಾರುವವರ ಮೇಲೆ ಶೇ 2.5ರ ಆದಾಯ ತೆರಿಗೆ, ಕೊಳ್ಳುವವರ ಮೇಲೆ ಗರಿಷ್ಠ ಶೇ 5ರ ಸ್ವಾಧೀನ ತೆರಿಗೆ ಬೀಳುತ್ತದೆ. ಕ್ರಯಪತ್ರದಲ್ಲಿ ಬೆಲೆ ಕಡಿಮೆ ತೋರಿಸೋಣವೆಂದು ಕೇಳಿದರೆ ಒಪ್ಪಬೇಡಿ. ಅಳತೆಯ ದಿನ ನಾಲ್ಕೂ ಕಡೆಯ ನೆರೆಹೊಲದವರು ಸ್ಥಳದಲ್ಲಿದ್ದು ಗಡಿ ಒಪ್ಪುವಂತೆ ನೋಡಿಕೊಳ್ಳಿ, ನೀರಿನ ಸರದಿ ಯಾರಿಂದ ಯಾರಿಗೆ ಎಂಬುದನ್ನು ನೀರುಗಂಟಿಯಾದ ಉಲು ಉಲು ಅವರಿಂದಲೇ ಕೇಳಿ ತಿಳಿಯಿರಿ. ಗಡಿಗಿಂತ ನೀರಿನ ವಿಷಯಕ್ಕೆ ಮನಸ್ತಾಪ ಬರುವುದು ಹೆಚ್ಚು.

ಊರು ಬಿಡುವಾಗ

ಬಾಡಿಗೆಯ ಅವಧಿ ಮುಗಿಯುವ ಒಂದು ತಿಂಗಳ ಮೊದಲೇ ಮನೆಯವರಿಗೆ ತಿಳಿಸಿ. ಕೇರಿಯ ಮಾಸಿಕ ವಂತಿಗೆ, ಜಿಂಪಿತಾನ್, ಕಸ ಸಾಗಿಸುವವರ ಬಾಕಿಗಳನ್ನು ತೀರಿಸಿ ಖಜಾಂಚಿಯ ಪುಸ್ತಕದಲ್ಲಿ ಗುರುತು ಹಾಕಿಸಿಕೊಳ್ಳಿ. ಗುದ್ದಲಿ, ಬಕೆಟ್ಟು, ಒಲೆಯಂಥ ಸಾಮಾನುಗಳನ್ನು ಒಬ್ಬರಿಗೇ ಕೊಟ್ಟರೆ ಉಳಿದವರಿಗೆ ಬೇಸರವಾಗುತ್ತದೆ. ಯಾವುದನ್ನು ಯಾರಿಗೆ ಕೊಡುವುದೆಂಬುದನ್ನು ಪಾಕ್ ಎರ್ತೆಯವರ ಹೆಂಡತಿಯ ತೀರ್ಮಾನಕ್ಕೆ ಬಿಡುವುದು ಉತ್ತಮ, ಯಾರ ಮನೆಯಲ್ಲಿ ಏನಿಲ್ಲವೆಂದು ಅವರಿಗೆ ಗೊತ್ತಿರುತ್ತದೆ. ಹೊರಡುವ ಹಿಂದಿನ ಸಂಜೆ ಅಕ್ಕಪಕ್ಕದ ಮನೆಗಳಿಗೂ ಪಾಕ್ ಎರ್ತೆಯವರ ಮನೆಗೂ ಹೋಗಿ ತಪ್ಪಿದ್ದರೆ ಕ್ಷಮಿಸಬೇಕೆಂದು ಕೇಳಿ ಬೀಳ್ಕೊಳ್ಳಬೇಕು, ಇದಕ್ಕೆ ಪಾಮಿತ್ ಎನ್ನುತ್ತಾರೆ. ವಾಸದ ಪರವಾನಗಿ ಇದ್ದವರು ವಿಳಾಸ ಬದಲಾವಣೆಯನ್ನು ವಲಸೆ ಕಚೇರಿಗೂ ತಿಳಿಸಬೇಕು. ದೇಶವನ್ನೇ ಬಿಡುವುದಾದರೆ ಪರವಾನಗಿಯನ್ನು ರದ್ದು ಮಾಡಿಸಿಕೊಂಡೇ ಹೊರಡಬೇಕು. ಈ ಕೆಲಸಕ್ಕೆ ಕೆಲವು ಕಚೇರಿ ದಿನಗಳು ಬೇಕಾಗುವುದರಿಂದ ವಿಮಾನದ ಟಿಕೆಟನ್ನು ಅದರ ನಂತರದ ತಾರೀಕಿಗೆ ಮಾಡಿಸಿ.